ಬಾವಿ ನೀರು ಕುಡಿದ ಕಾರು

ನಿತಿನನ ಅಪ್ಪನವರಿಗೆ,

ನೀವಿದ್ದಾಗ ಹೆಸರು ಹಿಡಿದು ಕರೆದವಳಲ್ಲ, ಈಗ ಕಾಗದದ ಮೇಲೆ ಹೊಸ ಅಭ್ಯಾಸ ಬೇಡ. ನಿಮ್ಮ ಕಾರಿನ ವಿಷಯ ಹೇಳಲಿಕ್ಕೆ ಉಂಟು, ಅದಕ್ಕೇ ಬರೆಯುತ್ತಿದ್ದೇನೆ. ಕಾರು ಮಾರಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಉಳಿದದ್ದನ್ನು ನೀವು ಸಮಾಧಾನದಿಂದ ಓದುವವರಲ್ಲ.

ಭಾನುವಾರ ಬೆಳಿಗ್ಗೆ ನೀವು ಲುಂಗಿ ಎತ್ತಿ ಕಟ್ಟಿ ಬಾನೆಟ್ಟಿನ ಎದುರು ನಿಲ್ಲುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟುತ್ತದೆ. “ಒಂದು ಚೆಂಬು ನೀರು ತಾ, ಇದಕ್ಕೆ ಬಾಯಾರಿದೆ” ಅನ್ನುತ್ತಿದ್ದಿರಿ. ನಾನು ಆಗಷ್ಟೇ ಬಾವಿಯಿಂದ ಸೇದಿದ ನೀರು ತಂದುಕೊಡುತ್ತಿದ್ದೆ, ನೀವು ರೇಡಿಯೇಟರಿಗೆ ಹೊಯ್ಯುತ್ತಿದ್ದಿರಿ. ಅದಕ್ಕೆ ಕೂಲೆಂಟ್ ಹಾಕಬೇಕು ಎಂದು ಗ್ಯಾರೇಜಿನವರು ಹೇಳಿದಾಗ ನೀವು ಕೊಟ್ಟ ಉತ್ತರ ನೆನಪಿದೆಯಾ? “ಬಣ್ಣದ ನೀರಿಗೆ ಯಾಕೆ ದುಡ್ಡು? ನಮ್ಮ ಬಾವಿ ನೀರು ಕುಡಿದು ಮೂರು ತಲೆಮಾರು ಬದುಕಿದೆ, ಒಂದು ಕಾರು ಬದುಕುವುದಿಲ್ಲವಾ?” ನಾನು ಹಿಂದೆ ನಿಂತು ಹೌದು ಎಂದು ತಲೆಯಾಡಿಸಿದ್ದೆ. ಬೇಸಗೆಯಲ್ಲಿ ಮಣ್ಣಗುಡ್ಡದ ನಮ್ಮ ಓಣಿಗೆಲ್ಲ ಟ್ಯಾಂಕರ್ ಬರುವಾಗಲೂ ತಳ ಕಾಣದ ಬಾವಿ ಅದು. ನೆರೆಯವರು ಕೊಡಪಾನ ಹಿಡಿದು ನಮ್ಮ ಗೇಟಿನಲ್ಲಿ ನಿಂತಾಗ ನಾನು ಒಬ್ಬರನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ. ಅಂಥ ನೀರನ್ನು ಸಾಲದು ಎನ್ನಲು ಯಾರಿಗೆ ಬಾಯಿ ಇತ್ತು?

ನೀವು ಹೋದ ಮೇಲೆ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ನಿತಿನ್ ಮಸ್ಕತ್‌ನಲ್ಲೇ ಇದ್ದಾನೆ, ಕೆಲಸ ಗಟ್ಟಿ ಉಂಟು. ಮನೆಯಲ್ಲಿ ನಾನು ಮತ್ತು ಅವನ ಹೆಂಡತಿ ಸುಪ್ರೀತಾ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅವಳು ನನ್ನ ಎದುರು ಬಂದು ಕುಳಿತಳು. ಕುಳಿತ ರೀತಿಯಲ್ಲೇ ನನಗೆ ಗೊತ್ತಾಯಿತು, ಇವತ್ತು ಏನೋ ಉಂಟು ಎಂದು.

“ಮಾಮಿ, ಬೈಕಂಪಾಡಿಯಲ್ಲಿ ಒಂದು ವರ್ಕ್‌ಶಾಪಿನವರಿಗೆ ಮಧ್ಯಾಹ್ನದ ಊಟ ಬೇಕಂತೆ. ನಲವತ್ತು ಜನ. ನಾನು ಕೊಡ್ತೇನೆ ಅಂತ ಒಪ್ಪಿಕೊಂಡೆ.”

“ಇದು ನನ್ನ ಹತ್ತಿರ ಕೇಳುವುದಾ, ಹೇಳುವುದಾ?”

“ಹೇಳುವುದು.”

“ಈ ಮನೆಯಲ್ಲಿ ಬಂದವರಿಗೆ ಅನ್ನ ಹಾಕಿದ್ದುಂಟು. ಮಾರಿದ್ದಿಲ್ಲ.”

“ಮಾವನ ತಮ್ಮ ಬೊಂಬಾಯಿಯಲ್ಲಿ ಮತ್ತೆ ಎಂತ ಮಾರುವುದು ಮಾಮಿ? ಬೊಂಬಾಯಿಯಲ್ಲಿ ಅನ್ನ ಮಾರಿದರೆ ಹೋಟೆಲಿನ ಧಣಿ, ಮಂಗಳೂರಿನಲ್ಲಿ ಮಾರಿದರೆ ಮರ್ಯಾದೆ ಹೋಗ್ತದಾ?”

ನಿಮ್ಮ ತಮ್ಮನ ಹೋಟೆಲಿನ ಬಗ್ಗೆ ಮದುವೆ ಮನೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ನಾನೇ ಎಂದು ಅವಳಿಗೆ ಗೊತ್ತು. ನೀವಿದ್ದಿದ್ದರೆ ಪೇಪರು ಮುಖಕ್ಕೆ ಅಡ್ಡ ಹಿಡಿದು ನಗುತ್ತಿದ್ದಿರಿ. ಗಂಡ ಕಳಿಸುವುದು ಸಾಲದಾ ಎಂದು ಕೇಳಿದೆ. “ಸಾಲ್ತದೆ. ಅದು ಅವರು ದುಡಿದದ್ದು” ಎಂದಳು. ಬೇಕಾದರೆ ಹಿಂದಿನ ಅಡುಗೆ ಕೋಣೆಯಲ್ಲಿ ಮಾಡಿಕೋ, ನಾನು ಅತ್ತ ಕಾಲಿಡುವುದಿಲ್ಲ ಎಂದೆ. ಕಾರಿನ ಕೀ ಗೋಡೆಯಲ್ಲಿ ತೂಗುತ್ತಿತ್ತು. ತೆಗೆದುಕೋ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮರುದಿನ ಅದು ಅಲ್ಲಿರಲಿಲ್ಲ.

ಹಾಗೆ ಕೆಲವು ತಿಂಗಳು ನಡೆಯಿತು. ಬೆಳಗಾಗುವ ಮೊದಲೇ ಹಿಂದಿನ ಕೋಣೆಯಲ್ಲಿ ಕುಕ್ಕರು ಕೂಗುವುದು ಕೇಳುತ್ತಿತ್ತು, ಒಗ್ಗರಣೆಯ ವಾಸನೆ ದೇವರ ಕೋಣೆಯವರೆಗೆ ಬರುತ್ತಿತ್ತು. ನಾನು ರುಚಿ ನೋಡಿದ್ದಿಲ್ಲ. ಇಬ್ಬರ ನಡುವೆ ಮಾತು ಹಾಲು, ಗ್ಯಾಸು, ಕರೆಂಟು ಬಿಲ್ಲು ಇಷ್ಟಕ್ಕೇ ನಿಂತಿತ್ತು.

ಹೋದ ತಿಂಗಳು ಒಂದು ಶುಕ್ರವಾರ ಮಧ್ಯಾಹ್ನ ಅವಳು ಮನೆಗೆ ಬಂದಾಗ ಸೀರೆಗೆಲ್ಲ ತುಕ್ಕಿನ ಕಲೆ. ಕೂಳೂರು ಸೇತುವೆಯ ಹತ್ತಿರ ವಾಹನಗಳು ಸಾಲುಗಟ್ಟಿ ನಿಂತಿದ್ದವಂತೆ, ಮೇಲಿನಿಂದ ಬಿಸಿಲು. ಕಾರಿನ ಬಾಯಿಯಿಂದ ಹೊಗೆಯ ಹಾಗೆ ಹಬೆ ಎದ್ದು ಅಲ್ಲೇ ನಿಂತಿತು. ಅವಳು ಒಂದು ರಿಕ್ಷಾ ಹಿಡಿದು ಪಾತ್ರೆಗಳನ್ನು ಏರಿಸಿಕೊಂಡು ಹೋಗುವಾಗ ಊಟದ ಹೊತ್ತು ಮೀರಿ ಹೋಗಿತ್ತು. ವರ್ಕ್‌ಶಾಪಿನ ಮಾಲೀಕರು ಬೈಯಲಿಲ್ಲವಂತೆ. “ಬಿಸಿಲಿನಲ್ಲಿ ಕಬ್ಬಿಣ ಎತ್ತುವವರು ಇವರು, ಮೇಡಂ. ಸೋಮವಾರ ಒಂದು ದಿನ ನೋಡುವಾ” ಎಂದರಂತೆ. ಬೈದಿದ್ದರೆ ವಾಸಿ ಇತ್ತು, ಅಲ್ಲವಾ?

ಅವತ್ತು ಸಂಜೆಯೇ ಕಾರನ್ನು ಎಳೆಸಿ ಮನೆಗೆ ತಂದಳು. ಶನಿವಾರ ಗ್ಯಾರೇಜಿಗೆ ಫೋನು ಮಾಡಿದರೆ, ಕಾರು ಬಿಟ್ಟು ಹೋಗಿ, ಬುಧವಾರ ನೋಡುತ್ತೇವೆ ಎಂದರು. ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಅಂಗಳದಲ್ಲಿ ನಿಮ್ಮ ಜಾಗದಲ್ಲಿ ಅವಳು. ನೈಟಿಯ ಮೇಲೆ ನಿತಿನನ ಹಳೇ ಅಂಗಿ, ಪಕ್ಕದಲ್ಲಿ ಬಟ್ಟೆ ಒಗೆಯುವ ಬೇಸನ್ನು, ಎರಡು ಕ್ಯಾನು. ಅವಳ ತವರಿನಲ್ಲಿ ಜೀಪು ಇತ್ತಲ್ಲ, ಅಪ್ಪನ ಜೊತೆ ಅದರ ಬಾನೆಟ್ಟಿನೊಳಗೆ ತಲೆ ಹಾಕಿಯೇ ಬೆಳೆದವಳು. ಇಂಜಿನು ರಾತ್ರಿಯಿಡೀ ತಣಿದಿದೆ, ಈಗ ಮುಚ್ಚಳ ತೆರೆಯಬಹುದು ಎಂದಳು. ಆಮೇಲೆ ಕೆಳಗೆ ಮಲಗಿ ರೇಡಿಯೇಟರಿನ ತಳದ ಬಿರಡೆ ತಿರುಗಿಸಿದಳು.

ಆ ನೀರನ್ನು ನೀವು ನೋಡಬೇಕಿತ್ತು. ಅಲ್ಲ, ನೋಡದೇ ಇದ್ದದ್ದೇ ಒಳ್ಳೆಯದು. ಮೊದಲ ಮಳೆಗೆ ಗುಡ್ಡದಿಂದ ಇಳಿಯುವ ಕೆಂಪು ನೀರು ಉಂಟಲ್ಲ, ಅದಕ್ಕಿಂತ ಕಡು. ನಡುನಡುವೆ ಚಕ್ಕೆ ಚಕ್ಕೆಯಾಗಿ ತುಕ್ಕು. ಅಡಿಯ ರಬ್ಬರ್ ಪೈಪಿಗೆ ನೀವು ಸುತ್ತಿದ ಕಪ್ಪು ಟೇಪು ಅರ್ಧ ಬಿಚ್ಚಿ ನೇತಾಡುತ್ತಿತ್ತು.

“ಮಾವ ಕಟ್ಟಿದ ಬ್ಯಾಂಡೇಜು” ಎಂದಳು. “ಭಾನುವಾರ ಭಾನುವಾರ ಬಾಯಾರಿಕೆ ಆಗ್ತಿದ್ದದ್ದು ಇದಕ್ಕೇ ಮಾಮಿ. ಇಲ್ಲಿಂದ ಸೋರ್ತಾ ಇತ್ತು.”

ಬಲ್ಮಠದ ಆಫೀಸಿಗೆ ಹೋಗಿ ಬರುವಷ್ಟು ದೂರಕ್ಕೆ ಇದೆಲ್ಲ ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ. ನಲವತ್ತು ಜನರ ಊಟ ಹೊತ್ತು ಬಿಸಿಲಲ್ಲಿ ನಿಲ್ಲುವಾಗ ಕಾರು ತನ್ನ ಹೊಟ್ಟೆಯೊಳಗಿನದ್ದನ್ನು ಹೇಳಿತು. ಪೇಪರಿನ ಕೊನೆಯ ಸಾಲಿನವರೆಗೆ ಓದುವ ನೀವು ಕಾರಿನ ಜೊತೆ ಕೊಟ್ಟ ಪುಸ್ತಕವನ್ನು ಒಮ್ಮೆಯಾದರೂ… ಇರಲಿ. ಪೈಪು ಹೊಸದು ಹಾಕಿದಳು. ಟೇಪನ್ನು ನಾನೇ ಎತ್ತಿ ಬಿಸಾಡಿದೆ.

ಕೆಂಪು ನೀರನ್ನು ಬಾಳೆಯ ಬುಡಕ್ಕೆ ಹೊಯ್ಯಲು ನಾನು ಬೇಸನ್ನು ಎತ್ತಿದೆ. ಅವಳು ಕೈ ಅಡ್ಡ ಹಿಡಿದಳು. “ಬೇಡ ಮಾಮಿ, ಇದರಲ್ಲಿ ಎಂತೆಲ್ಲ ಉಂಟೋ. ಬಾವಿ ಹತ್ತಿರ ಉಂಟು. ಕ್ಯಾನಿಗೆ ತುಂಬಿಸಿ ಗ್ಯಾರೇಜಿಗೆ ಕೊಡ್ತೇನೆ.” ಬಾವಿಯ ಮಾತು ಅವಳ ಬಾಯಿಂದ ಬಂದದ್ದು ನನಗೆ ಹಿಡಿಸಿತು. ಬೇಸನ್ನು ಕೆಳಗಿಟ್ಟೆ.

ಆಮೇಲೆ ಬರೀ ನೀರು ತುಂಬಿಸಿ ಇಂಜಿನು ಚಾಲು ಮಾಡಿ, ಒಳಗೆಲ್ಲ ತಿರುಗಿಸಿ, ತಣಿಸಿ, ಪುನಃ ಖಾಲಿ ಮಾಡಬೇಕಂತೆ. ತಿಳಿ ನೀರು ಬರುವ ತನಕ ಇದೇ ಕೆಲಸ.

“ಒಬ್ಬರು ಒಳಗೆ ಕೂತು ಮೀಟರಿನ ಮುಳ್ಳು ನೋಡ್ಬೇಕು ಮಾಮಿ. ಬಿಸಿ ಜಾಸ್ತಿ ಆದರೆ ಕೂಡಲೇ ಕೀ ತಿರುಗಿಸಿ ಆಫ್ ಮಾಡ್ಲಿಕ್ಕೆ.”

“ನಾನಾ?”

“ಮತ್ತೆ ಇಲ್ಲಿ ಯಾರುಂಟು, ಬೆಕ್ಕಾ?”

ನಿಮ್ಮ ಸೀಟಿನಲ್ಲಿ ನಾನು ಕುಳಿತದ್ದು ಅದೇ ಮೊದಲು. ಇಷ್ಟು ವರ್ಷ ಪಕ್ಕದಲ್ಲಿ ಕುಳಿತು ನಿಮಗೆ ದಾರಿ ಹೇಳಿದವಳಿಗೆ ಅಲ್ಲಿ ಕುಳಿತ ಮೇಲೆ ಕೈ ಎಲ್ಲಿಡುವುದೆಂದು ತಿಳಿಯಲಿಲ್ಲ. “ಹೀಟರ್ ಪೂರ್ತಿ ಹಾಕಿ” ಎಂದು ಅವಳು ಬಾನೆಟ್ಟಿನ ಆಚೆಯಿಂದ ಕೂಗಿದಳು.

“ಮಂಗಳೂರಿನಲ್ಲಿ ಹೀಟರಾ? ತಲೆ ಸರಿ ಉಂಟಾ ನಿನಗೆ?”

“ಅದರ ಒಳಗೂ ಇದೇ ನೀರು ತಿರುಗುವುದು ಮಾರಾಯ್ತಿ… ಅಲ್ಲ, ಮಾಮಿ. ತೆರೆಯದಿದ್ದರೆ ಕೊಳೆ ಅಲ್ಲೇ ಉಳೀತದೆ.”

ನಮ್ಮ ಕಾರಿನಲ್ಲಿ ಹೀಟರ್ ಉಂಟೆಂದು ನಿಮಗೆ ಗೊತ್ತಿತ್ತಾ? ಈ ಸೆಕೆಯ ಊರಿನಲ್ಲಿ ಯಾರು ಅದನ್ನು ಮುಟ್ಟುತ್ತಾರೆ? ಗುಂಡಿ ತಿರುಗಿಸಿದೆ. ಮೊದಲು ಧೂಳಿನ ವಾಸನೆ ಬಂತು. ಆಮೇಲೆ, ಅಷ್ಟು ವರ್ಷ ಅದರೊಳಗೆ ಮುಚ್ಚಿಕೊಂಡಿದ್ದ ಗಾಳಿ. ಅದರಲ್ಲಿ ನಿಮ್ಮದೇನಿತ್ತೆಂದು ಬರೆಯುವುದಿಲ್ಲ. ಬೆವರು ಕಣ್ಣಿಗಿಳಿಯಿತು, ಸೆರಗಿನಿಂದ ಒರೆಸಿಕೊಂಡೆ, ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಎತ್ತಿದ ಬಾನೆಟ್ಟಿನ ಅಡಿಯ ಸಂದಿನಲ್ಲಿ ಅವಳ ಕೈಗಳು ಮಾತ್ರ ಕಾಣುತ್ತಿದ್ದವು. ಮೇಲಿನ ಪೈಪು ಬಿಸಿಯಾಯಿತಾ ಎಂದು ಆಗಾಗ ಮುಟ್ಟಿ ನೋಡುವುದು, ಚುರ್ ಎಂದಾಗ ಹಿಂದೆಗೆಯುವುದು, ಪುನಃ ಮುಟ್ಟುವುದು. ಅದೇ ಕೈ ವಾರವಿಡೀ ಬೆಳಗಾಗುವ ಮೊದಲೇ ಒಲೆಯ ಮುಂದೆ ಇರುತ್ತದೆ. ಮೂರನೆಯ ಸಲ ನೀರು ಖಾಲಿ ಮಾಡುವಾಗ ಅವಳು ನೆಲದಲ್ಲೇ ಕುಳಿತುಬಿಟ್ಟಳು.

“ನಾಳೆ ಇದು ದಾರಿಯಲ್ಲಿ ನಿಂತರೆ ಆರ್ಡರು ಹೋಯ್ತು ಮಾಮಿ. ನೀವು ಗೆದ್ದಿರಿ” ಎಂದಳು. ಕೊಂಕು ಇರಲಿಲ್ಲ, ಬರೀ ಆಯಾಸ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ. ಶುಕ್ರವಾರ ನಲವತ್ತು ಜನ ಕೈ ತೊಳೆದು ಕುಳಿತು, ನಮ್ಮ ಮನೆಯ ಅನ್ನಕ್ಕೆ ಕಾದು… ನಮ್ಮ ಅಂಗಳದಲ್ಲಿ ಹಾಗೆ ಯಾರನ್ನಾದರೂ ಕಾಯಿಸಿದ್ದುಂಟಾ? ದುಡ್ಡು ತೆಗೆದುಕೊಂಡಿದ್ದೇವೆ ಎಂದ ಮಾತ್ರಕ್ಕೆ ಅವರ ಹಸಿವು ಬೇರೆಯಾಗುತ್ತದಾ?

“ಗೆಲ್ಲುವುದು ಸೋಲುವುದು ಆಮೇಲೆ ನೋಡುವಾ” ಎಂದೆ. “ಈ ಮನೆಯಿಂದ ಹೊರಟ ಅನ್ನ ದಾರಿಯಲ್ಲಿ ನಿಲ್ಲಬಾರದು. ಏಳು.”

ಅವಳು ಎದ್ದಳು. ಮುಂದಿನ ಸಲ ಬಂದ ನೀರು ತಿಳಿಯಾಗಿತ್ತು.

ಕೊನೆಗೆ ತುಂಬಿಸುವಾಗ ಮಾತ್ರ ನನಗೆ ಸುಮ್ಮನಿರಲಾಗಲಿಲ್ಲ. ಅವಳು ಪೆಟ್ರೋಲ್ ಬಂಕಿನಿಂದ ತಂದ ಭಟ್ಟಿ ಇಳಿಸಿದ ಬ್ಯಾಟರಿ ನೀರಿಗೆ ಸರಿಸಮ ಹಸಿರು ಕೂಲೆಂಟು ಸೇರಿಸುತ್ತಿದ್ದಳು. ಈಗ ತೊಳೆದು ಆಯಿತಲ್ಲ, ಇನ್ನು ನಮ್ಮ ಬಾವಿ ನೀರೇ ಹಾಕಬಾರದಾ ಎಂದು ಕೇಳಿದೆ. ಅವಳು ಕೆಂಪು ನೀರಿನ ಕ್ಯಾನಿನ ಕಡೆ ನೋಡಿ, “ಇದೂ ಬಾವಿ ನೀರೇ ಆಗಿತ್ತಲ್ಲ ಮಾಮಿ” ಎಂದಳು. ಮತ್ತೆ, “ನೀರು ಹಾಳು ಅಂತ ಅಲ್ಲ. ಅದರಲ್ಲಿ ಮಣ್ಣಿನ ಸತ್ವ ಉಂಟು. ನಮ್ಮ ಮೈಗೆ ಅದು ಬೇಕು, ಕಬ್ಬಿಣಕ್ಕೆ ಬೇಡ” ಎಂದಳು. ನಮ್ಮ ಬಾವಿಯ ಬಗ್ಗೆ ಹೀಗೆ ಹೇಳಿದವರಲ್ಲಿ ಅವಳೇ ಮೊದಲು. ನಿಮ್ಮ ಅಪ್ಪ ತೋಡಿಸಿದ ಬಾವಿ. ನಾನು ಕ್ಯಾನಿನ ಬುಡ ಎತ್ತಿ ಹಿಡಿದೆ, ಅವಳು ನಿಧಾನವಾಗಿ ಹೊಯ್ದಳು. ಒಳಗಿನ ಗಾಳಿ ಗುಳು ಗುಳು ಎಂದು ಮೇಲೆ ಬಂತು, ಮಟ್ಟ ಇಳಿಯಿತು, ಇನ್ನಷ್ಟು ಹೊಯ್ದಳು. ಗುಳ್ಳೆ ನಿಂತ ಮೇಲೆ ಮುಚ್ಚಳ ಬಿಗಿದಳು. ಕೆಳಗೆ ಚೆಲ್ಲಿದ ಹಸಿರನ್ನು ನಾನು ಚಿಂದಿಯಿಂದ ಒರೆಸಿದೆ. ಅದು ಸಿಹಿಯಂತೆ, ಬೆಕ್ಕು ನೆಕ್ಕಿದರೆ ಸಾಯುತ್ತದಂತೆ.

ಸೋಮವಾರ ಅವಳು ಪಾತ್ರೆಗಳನ್ನು ಇಡುವಾಗ ನಾನು ಸೀರೆ ಬದಲಿಸಿ ಬಂದು ಮುಂದಿನ ಸೀಟಿನಲ್ಲಿ ಕುಳಿತೆ. “ಎಲ್ಲಿಗೆ ಮಾಮಿ?” ಎಂದಳು. “ಮುಳ್ಳು ನೋಡಲಿಕ್ಕೆ” ಎಂದೆ. ಕಾಲಿನ ಹತ್ತಿರ ಬಂಗುಡೆ ಸಾರಿನ ಪಾತ್ರೆ, ಎರಡೂ ಪಾದಗಳಿಂದ ಒತ್ತಿ ಹಿಡಿದೆ. ಕೂಳೂರಿನಲ್ಲಿ ಅವತ್ತೂ ಸಾಲು ನಿಂತಿತ್ತು. ಲಾರಿಯ ಹಿಂದೆ ಲಾರಿ. ಮುಳ್ಳು ಅರ್ಧದವರೆಗೆ ಏರಿತು. ಮುಂದಿನ ಫ್ಯಾನು ಗುರ್ ಎಂದಿತು. ಮುಳ್ಳು ಅಲ್ಲೇ ನಿಂತಿತು, ನಿಮ್ಮ ಹಠದ ಹಾಗೆ ಆಚೆ ಈಚೆ ಕದಲಲಿಲ್ಲ.

ವರ್ಕ್‌ಶಾಪಿನಲ್ಲಿ ಊಟದ ಗಂಟೆ ಇನ್ನೂ ಹೊಡೆದಿರಲಿಲ್ಲ. ಪಾತ್ರೆ ಇಳಿಸಲು ಬಂದವರಲ್ಲಿ ಒಬ್ಬರು, ನರೆತ ಮೀಸೆಯ ವೆಲ್ಡರು, ನನ್ನನ್ನು ನೋಡಿ ಕೇಳಿದರು: “ಅಡುಗೆಯವರು ನೀವಾ ಅಮ್ಮ?”

ಸುಪ್ರೀತಾ ನಡುವೆ ಬಂದಳು. “ಇಲ್ಲ ಇಲ್ಲ, ಇವರು ನಮ್ಮ…” ಎಂದು ಶುರು ಮಾಡಿದಳು.

“ಹೌದು” ಎಂದೆ ನಾನು. “ಎಂತ, ಊಟದಲ್ಲಿ ಕೊರತೆ ಉಂಟಾ?”

“ಕೊರತೆ ಅಂತ ಅಲ್ಲ. ಮೀನು ಸಾರಿಗೆ ಹುಳಿ ಸ್ವಲ್ಪ ಸಾಲುವುದಿಲ್ಲ.”

ಅಲ್ಲಿಯವರೆಗೆ ನಾನು ಅದನ್ನು ಬಾಯಿಗಿಟ್ಟವಳಲ್ಲ. ಎಲ್ಲರ ಎದುರೇ ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಆ ಮನುಷ್ಯ ಹೇಳಿದ್ದು ನಿಜ. “ನಾಳೆ ಸರಿ ಇರ್ತದೆ” ಎಂದೆ.

ವಾಪಸು ಬರುವಾಗ ಸೇತುವೆ ದಾಟಿದ ಮೇಲೆ ಅವಳು, “ನಾಳೆ ಯಾರು ಮಾಮಿ ಸರಿ ಮಾಡುವುದು?” ಎಂದಳು.

“ನಿನ್ನ ಕೈಗೆ ಹುಳಿಯ ಅಂದಾಜು ಇಲ್ಲ. ಮತ್ತೆ ಯಾರು, ಬೆಕ್ಕಾ?”

ಅವಳು ನಕ್ಕದ್ದಕ್ಕೆ ಕಾರು ಸ್ವಲ್ಪ ವಾಲಿತು. ಎದುರು ನೋಡಿ ಓಡಿಸು ಎಂದು ಗದರಿದೆ.

ಈಗ ಮಸಾಲೆ ಅರೆಯುವುದು ನಾನು. ಮಳೆಗಾಲ ಮುಗಿಯುವ ತನಕ ಊಟ ನಿಮ್ಮದೇ ಎಂದು ಆ ಮಾಲೀಕರು ಮಾತು ಕೊಟ್ಟಿದ್ದಾರೆ. ಇದನ್ನು ನಿಮಗೆ ಯಾರಾದರೂ ಬಂದು ಹೇಳುವ ಮೊದಲು ನಾನೇ ಹೇಳಬೇಕೆನಿಸಿತು. ಹೌದು, ನಿಮ್ಮ ಮನೆಯಲ್ಲಿ ಅನ್ನ ಮಾರುತ್ತಿದ್ದೇವೆ. ಮೆಚ್ಚುತ್ತೀರೋ ಇಲ್ಲವೋ, ಗೊತ್ತಿಲ್ಲ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಬರುವ ತಿಂಗಳು ನೀವು ತೀರಿಹೋದ ದಿನ, ನಿಮಗೆ ಎಲೆ ಹಾಕಿ ಬಡಿಸುವ ದಿನ. ಈ ಸಲ ಅದು ಕೆಲಸದ ದಿನವೇ ಬೀಳುತ್ತದೆ. ರಜೆ ಹಾಕುವಾ ಎಂದು ಸುಪ್ರೀತಾ ಕೇಳಿದಳು, ನಾನು ಬೇಡ ಎಂದೆ. ಎಲ್ಲರಿಗಿಂತ ಮೊದಲು ನಿಮಗೇ ಬಡಿಸುತ್ತೇನೆ, ಬಂಗುಡೆಗೆ ಹುಳಿ ಸರಿಯಾಗಿ ಹಾಕಿ. ಯಾವಾಗಿನಂತೆ ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ, ಯಾರೂ ಇಣುಕುವುದಿಲ್ಲ. ಆದರೆ ನೀವು ಊಟಕ್ಕೆ ಕುಳಿತರೆ ಬೇಗ ಏಳುವವರಲ್ಲ ಎಂದು ನನಗೆ ಗೊತ್ತು. ಆ ದಿನ ಮಾತ್ರ ಸ್ವಲ್ಪ ಬೇಗ ಬನ್ನಿ. ಹನ್ನೊಂದಕ್ಕೆ ಬಾಗಿಲು ತೆಗೆಯುತ್ತೇನೆ, ನಮಗೆ ಬೈಕಂಪಾಡಿಗೆ ಹೊರಡಲಿಕ್ಕೆ ಉಂಟು.