ಹುದುಗಿನ ಹಗ್ಗ

ಫೆಬ್ರವರಿ ೮, ಶನಿವಾರ. ನಂದೋಮ್.

ಅವನ ಕೈ ಮುರಿಯಬೇಕಿತ್ತು. ಮುರಿಯಲಿಲ್ಲ.

ಮಧ್ಯಾಹ್ನ ನನ್ನ ಓರಗಿತ್ತಿ ಯೂಲೇಲಿಯಾ ಗಂಡನಿಗೆ ಅವನ ಗೆಳೆಯರ ಎದುರು, "ಕುಡಿದಿದ್ದು ಸಾಕು, ಏಳಿ" ಅಂದಳು, ಅಷ್ಟೇ. ನನ್ನ ಮೈದುನ ಬಾಯೋರ್ ಒಲೆಯ ಮೇಲೆ ತೂಗುಹಾಕಿದ್ದ ಹುದುಗಿನ ಹಗ್ಗವನ್ನೇ ಕಿತ್ತು ಅವಳ ಬೆನ್ನಿಗೆ ಬಾರಿಸಿದ. ಪ್ರತಿ ಸಲ ಜೋಳದ ಬಿಯರಿನ ನೊರೆಯಲ್ಲಿ ಅದ್ದಿ, ಒಣಗಿಸಿ, ಮುಂದಿನ ಮಡಕೆಗೆಂದು ಅತ್ತೆ ಕಾಪಾಡಿಕೊಂಡು ಬಂದ ಹಗ್ಗ ಅದು. ಒಣಗಿದ ಹುದುಗು ಗೋಡೆಗೆಲ್ಲ ಸಿಡಿಯಿತು. ಬೆನ್ನು ಬಿರಿಯಿತು. ಮಡಕೆ ತಿರುವುವ ಕೋಲಿನಿಂದ ಅವನ ಮೊಣಕೈಗೆ ಬಡಿದೆ. ಹಗ್ಗ ಬಿತ್ತು, ಅವನು ಬೈಯುತ್ತಾ ಹೊರಗೆ ಹೋದ.

ರಕ್ತ ಮೆತ್ತಿದ ಹಗ್ಗವನ್ನು ತೊಳೆಯಹೋದೆ. ಅತ್ತೆ ಕೈ ಹಿಡಿದುಕೊಂಡರು.

"ತೊಳೆದ್ರೆ ಹುದುಗೆಲ್ಲ ಹೋಗ್ತದೆ ಕಣೇ. ಹಂಗೇ ಇಳಿಸು, ಆ ಸಣ್ಣ ಮಡಕೆಗೆ."

"ಅತ್ತೆ, ರಕ್ತ!"

"ನಂಗೇನು ಕಣ್ಣಿಲ್ವಾ? ಇದು ಮಾರೋಕಲ್ಲ, ನನ್ನ ಮಗನಿಗೆ. ನಾಳೆ ಅದೇ ಗೆಳೆಯರ ಎದುರು, ಇದ್ರಲ್ಲೇನಿದೆ ಅಂತ ಹೇಳೇ ಕುಡಿಸ್ತೀನಿ."

ಈಗ ಮೂಲೆಯಲ್ಲಿ ಮಡಕೆ ಬುಸುಗುಡುತ್ತಿದೆ. ಯೂಲೇಲಿಯಾ ಬೋರಲು ಮಲಗಿದ್ದಾಳೆ. ಈಗಷ್ಟೇ ಕೇಳಿದಳು, "ಅಕ್ಕಾ, ನೊರೆ ಬಂತಾ?"

ಬಂದಿದೆ. ಉಕ್ಕುತ್ತಿದೆ.