ಅವ್ವ ಕರೆಯದ ಹೆಸರು

ಸಮೀರವಾಡಿ,
೭ ಆಗಸ್ಟ್ ೨೦೨೫, ಗುರುವಾರ

ಪ್ರೀತಿಯ ವೈಶಾಲಿ ವೈನಿ,

ಕೂಸಿಗೆಂದು ಹೊಲಿದ ಕುಂಚಿಗೆಯ ಮಡಿಕೆಯಲ್ಲಿ ಕಾಗದ ಸಿಕ್ಕಿದ್ದು ನೋಡಿ ಗಾಬರಿಯಾಗಬೇಡಿ. ನಾನು ತವರಿಗೆ ಬಂದು ನಾಲ್ಕು ದಿನವಾಯಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಫೋನ್ ಮಾಡಬಹುದಿತ್ತು ನಿಜ. ಆದರೆ ಸಾವಳಗಿಯ ನಿಮ್ಮ ತವರುಮನೆಯಲ್ಲಿ ಬಾಣಂತಿಯ ಫೋನು ಊರಿನ ಫೋನು. ನಿಮ್ಮ ಚಿಕ್ಕಮ್ಮ ಎತ್ತಿ, ಸ್ಪೀಕರ್ ಹಾಕಿ, ಎಲ್ಲರ ನಡುವೆ ಇಡುತ್ತಾರೆ. ಈ ಮಾತು ಹಾಗೆ ಆಡುವಂಥದ್ದಲ್ಲ. ನಮ್ಮ ಯಜಮಾನರು ನಾಳೆ ಆ ಕಡೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಒಳಗೇನಿದೆ ಎಂದು ಅವರಿಗೂ ಗೊತ್ತಿಲ್ಲ. ಅವ್ವ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಾಳೆ, ಅವಳಿಗೂ ತಿಳಿಸಿಲ್ಲ.

ಸೋಮವಾರ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಸೋದರತ್ತೆ ನಾನು. ಕೂಸಿನ ಕಿವಿಯಲ್ಲಿ ಕುರ್ ಎಂದು ಹೆಸರು ಹೇಳಬೇಕಾದವಳೂ ನಾನೇ, ಬೆನ್ನಿಗೆ ಹೆಂಗಸರ ಗುದ್ದು ತಿನ್ನುವವಳೂ ನಾನೇ. ಯಾವ ಹೆಸರು ಎಂದು ಅಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ನಿಮಗೂ ಹೇಳಿದ್ದಾನಂತೆ, ನೀವು "ಹೂಂ ರೀ" ಎಂದಿರಂತೆ. ನಿಮ್ಮ ಆ ಹೂಂ ನನಗೆ ನಾಲ್ಕು ದಿನದಿಂದ ನಿದ್ದೆ ಕೊಟ್ಟಿಲ್ಲ.

ಅಪ್ಪನ ಮೇಲೆ ಸಿಟ್ಟಾಗಲೂ ನನ್ನಿಂದ ಆಗುತ್ತಿಲ್ಲ. ಬೆಳಿಗ್ಗೆ ಕುರಿ ಬಿಡುವಾಗ ಈಗಲೂ ದೊಡ್ಡಿಯಿಂದ "ಮಾಳಿಂಗರಾಯಾ" ಎಂದು ಅಣ್ಣನನ್ನು ಕೂಗುತ್ತಾನೆ. ಕೂಗಿದ ಮೇಲೆ ನೆನಪಾಗಿ, ಟವೆಲಿನಿಂದ ಮುಖ ಒರೆಸಿಕೊಂಡು ತಾನೇ ಹೋಗಿ ದೊಡ್ಡಿಯ ಬಾಗಿಲು ತೆಗೆಯುತ್ತಾನೆ. ನಿನ್ನೆ ನನ್ನನ್ನು ಕೂರಿಸಿಕೊಂಡು ಹೇಳಿದ: "ನನ್ನ ಮಗ ತಿರಗಿ ಬಂದಾನ. ಅವನ ಹೆಸರ ಅವಗ ಕೊಡಬೇಕಬೇ." ನಾನು ಅಳುತ್ತ ತಲೆಯಾಡಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಗಂಡನ ಹೆಸರು ಹಿಡಿದು ವೈನಿ ಮಗನನ್ನು ಹೇಗೆ ಕರೆಯಬೇಕು ಎಂದು ಕೇಳಿದೆ. "ಆಕಿ ಅಪ್ಪೂ ಅಂತ ಕರೀಲಿ. ಹೆಸರ ಹಿಡದು ಕರಿಯಾಕ ನಾವ ಅದೇವಲ್ಲ" ಎಂದ.

ವೈನಿ, ಈ ಮನೆಯಲ್ಲಿ ಈ ಮಾತು ಮೊದಲೊಮ್ಮೆ ಆಡಿದ್ದಾಗಿದೆ.

ಅಣ್ಣನಿಗೆ ಇಟ್ಟಿದ್ದು ನಮ್ಮ ಮುತ್ಯಾನ ಹೆಸರು, ಅದು ನಿಮಗೆ ಗೊತ್ತಿದೆ. ಮುತ್ಯಾ ಎಂದರೆ ಅವ್ವನಿಗೆ ಮಾವ. ಮಾವನ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಹಾಗಾಗಿ ಹೆತ್ತ ಮಗನನ್ನು ಅವ್ವ ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. "ತಮ್ಮಾ" ಎನ್ನುವಳು, ಇಲ್ಲವೇ "ಇವನ" ಎನ್ನುವಳು. ದವಾಖಾನೆಯಲ್ಲಿ ನರ್ಸ್ ಮಗನ ಹೆಸರು ಕೇಳಿದರೆ ನನ್ನ ಕಡೆ ತಿರುಗಿ "ನೀ ಹೇಳಬೇ" ಎನ್ನುವಳು. ಗುಡಿಯಲ್ಲಿ ಮಾಳಿಂಗರಾಯ ದೇವರ ಮುಂದೆ ನಿಂತರೂ ಅಷ್ಟೇ, ಹೆಸರು ನುಂಗಿ "ನಮ್ಮಪ್ಪಾ, ಕಾಯೋ" ಎಂದು ಕೈ ಮುಗಿಯುವಳು. ದೇವರಿಗೆ ಹೇಗೆ ಗೊತ್ತಾಗಬೇಕು ಎಂದು ನಾನೂ ಅಣ್ಣನೂ ಅವಳನ್ನು ಕಾಡಿಸಿ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ಜನವರಿಯಲ್ಲಿ ಕಬ್ಬಿನ ಟ್ರ್ಯಾಲಿ ಉರುಳಿ ಅಣ್ಣನನ್ನು ಮನೆಗೆ ತಂದ ದಿನ ನಿಮಗೆ ಎಚ್ಚರವಿರಲಿಲ್ಲ. ಮೂರು ತಿಂಗಳ ಬಸುರಿ ಎಂದು ನಿಮ್ಮನ್ನು ಒಳಗೆ ಮಲಗಿಸಿದ್ದೆವು. ಆ ದಿನದ್ದನ್ನು ಇಷ್ಟು ದಿನ ನಿಮಗೆ ಯಾರೂ ಹೇಳಿಲ್ಲ, ನಾನೂ ಹೇಳಿರಲಿಲ್ಲ. ಹೆಂಗಸರೆಲ್ಲ ಹಾಡಿಕೊಂಡು ಅಳುತ್ತಿದ್ದರು. ಅವ್ವ ಅಳಲಿಲ್ಲ. ಅಣ್ಣನ ತಲೆಯ ಹತ್ತಿರ ಕುಳಿತು, ಕೂದಲಿನ ಮಣ್ಣು ತೆಗೆದು, ಊಟಕ್ಕೆ ಎಬ್ಬಿಸುವ ಹಾಗೆ "ಮಾಳಿಂಗರಾಯಾ" ಎಂದಳು. ಆ ಹೆಸರು ಅವ್ವನ ದನಿಯಲ್ಲಿ ಕೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅವ್ವ ಇನ್ನೊಮ್ಮೆ ಕರೆದಳು, ಮತ್ತೂ ಕರೆದಳು. ಕೊನೆಗೆ ಅಪ್ಪನೇ ಬಂದು ಅವಳ ಬಾಯಿ ಮುಚ್ಚಿದ.

ಮಗ ಸತ್ತ ಮೇಲೆ ತಾಯಿಗೆ ಅವನ ಹೆಸರು ಸಿಕ್ಕಿತು. ಇದು ನಿಮಗೆ ಆಗಬಾರದು. ನಿಮ್ಮ ಮದುವೆಯಲ್ಲಿ ನಾವು ಬಾಗಿಲು ಅಡ್ಡಗಟ್ಟಿ ಒಡಪು ಹೇಳಿ ಎಂದಾಗ ನೀವು ಪದ್ಯ ಮರೆತು, ಅದರೊಳಗಿನ ಗಂಡನ ಹೆಸರೊಂದನ್ನೇ ಹೇಳಿ ಒಳಗೆ ಓಡಿದಿರಲ್ಲ, ಅಣ್ಣನ ಕಿವಿ ಕೆಂಪಾಗಿತ್ತು. ಆಮೇಲೆ ನಿಮ್ಮ ಬಾಯಲ್ಲಿ ಆ ಹೆಸರು ನಾನು ಕೇಳಿಲ್ಲ. ಅದು ನಿಮ್ಮ ಹತ್ತಿರ ಹಾಗೇ ಇರಲಿ. ಹಾಲು ಚೆಲ್ಲಿದ ಮಗನನ್ನು ಬೈಯಲು, ಕತ್ತಲಾದರೂ ಆಟದಿಂದ ಬಾರದವನನ್ನು ಓಣಿಯ ತುದಿಗೆ ಕೇಳುವಂತೆ ಕೂಗಲು, ನಿಮಗೆ ಬೇರೆ ಹೆಸರು ಬೇಕು. ನಮ್ಮವರ ಹಳೆಯ ಹೆಸರೇ ಇರಲಿ, ದೇವರದ್ದೇ ಇರಲಿ. ನಿಮ್ಮ ಬಾಯಿಗೆ ಬರುವಂಥದ್ದಾಗಿರಲಿ, ಅಷ್ಟೇ.

ನೀವು ಯಾರೊಂದಿಗೂ ವಾದ ಮಾಡಬೇಡಿ. ಸೋಮವಾರ ಕೂಸನ್ನು ನನ್ನ ಮಡಿಲಿಗೆ ಕೊಡುವಾಗ ನೀವು ಆರಿಸಿದ ಹೆಸರು ಮೆಲ್ಲಗೆ ಹೇಳಿ. ಕಿವಿಯಲ್ಲಿ ಅದನ್ನೇ ಹೇಳುತ್ತೇನೆ, ಆಮೇಲೆ ಎದ್ದು ನಿಂತು ಎಲ್ಲರ ಮುಂದೆಯೂ ಅದನ್ನೇ ಹೇಳುತ್ತೇನೆ. ಒಮ್ಮೆ ಕಿವಿಗೆ ಬಿದ್ದ ಹೆಸರನ್ನು ನಮ್ಮಲ್ಲಿ ಯಾರೂ ಬದಲಿಸುವುದಿಲ್ಲ, ಅಪ್ಪನೂ ಬದಲಿಸುವುದಿಲ್ಲ. ಬಹುಶಃ ನನ್ನೊಡನೆ ಮಾತು ಬಿಡುತ್ತಾನೆ. ಮುಂದಿನ ಪಂಚಮಿಗೆ ಕರೆಯಲು ಬರಲಿಕ್ಕಿಲ್ಲ. ಅದಕ್ಕೆ ನನಗೆ ಭಯವಿದೆ ವೈನಿ, ಇಲ್ಲವೆಂದರೆ ಸುಳ್ಳಾಗುತ್ತದೆ. ಇದ್ದ ಒಬ್ಬ ಅಣ್ಣ ಹೋದ, ಇನ್ನು ತವರೆಂದರೆ ಅಪ್ಪನೇ. ಆದರೂ ಹೇಳುತ್ತೇನೆ.

ಕುಂಚಿಗೆ ಸ್ವಲ್ಪ ದೊಡ್ಡದಾಗಿದೆ, ಕೂಸು ಬೆಳೆದರೂ ಬರಲಿ ಎಂದು ಹಾಗೆ ಹೊಲಿದಿದ್ದೇನೆ. ಬೆಚ್ಚಗಿರಿ. ಬಾಣಂತಿ ಅಳಬಾರದು ಎನ್ನುತ್ತಾರೆ, ಈ ಕಾಗದ ಓದಿ ಅತ್ತರೆ ಪರವಾಗಿಲ್ಲ.

ನಿಮ್ಮ ನಾದಿನಿ,
ಪೂನಮ್

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅವ್ವ ಹಿತ್ತಲಲ್ಲಿಲ್ಲ. ಮೊದಲಿನಿಂದಲೂ ನನ್ನ ಮಗ್ಗುಲಲ್ಲೇ ಕುಳಿತಿದ್ದಾಳೆ. ಈ ಕಾಗದ ಬರೆ ಎಂದವಳೂ ಅವಳೇ, ತನ್ನ ಮಾತು ಬೇಡ ಎಂದವಳೂ ಅವಳೇ. ಬರೆದಿದ್ದನ್ನೆಲ್ಲ ಓದಿ ಹೇಳಿದೆ. ಎಲ್ಲಾ ಕೇಳಿ, "ಒಮ್ಮೆನೂ ಹೆಸರ ಹಿಡದು ಕರದಿಲ್ಲ ಅಂತ ಬರದೀದಿ. ಅದು ಖರೆ ಅಲ್ಲ" ಎಂದಳು. ಮೊಲೆ ಕುಡಿಯುವ ಕೂಸಾಗಿದ್ದಾಗ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಅಣ್ಣನನ್ನು ಅವಳು ರೇವಣ್ಣ ಎಂದು ಕರೆಯುತ್ತಿದ್ದಳಂತೆ. ಅವನು ತಿರುಗಿ ನೋಡುತ್ತಿದ್ದನಂತೆ. ಮಾತು ಕಲಿತ ಮೇಲೆ ಯಾರ ಮುಂದಾದರೂ ಹೇಳಿಯಾನು ಎಂದು ಹೆದರಿ ಬಿಟ್ಟಳಂತೆ. ಇಷ್ಟು ವರ್ಷ ನನಗೂ ಹೇಳಿರಲಿಲ್ಲ.

"ಆಕಿ ಮನಸಿನ್ಯಾಗ ಬ್ಯಾರೆ ಇದ್ರ ಅದನ್ನ ಇಡ್ಲಿ. ಇಲ್ಲಂದ್ರ ಇದು ಐತಿ" ಎನ್ನುತ್ತಿದ್ದಾಳೆ. ಹಾಲು ಕುಡಿಸುವಾಗ ಒಮ್ಮೆ ಕರೆದು ನೋಡಿ, ವೈನಿ.