ಖಾಲಾನ ಮುಖ ಮಾತ್ರ ಗಡಿ ದಾಟಿತು

ಪರದೇಶ ಪ್ರಸಾರ ವಿಭಾಗದ ಮಾನ್ಯ ಮುಖ್ಯಸ್ಥರೇ,

ಹುಮನಾಬಾದಿನಲ್ಲಿ ಡಿಶ್ ಕಟ್ಟಿ ಬದುಕುವ ನನಗೆ ತಮ್ಮ ನೋಟಿಸು ತಲುಪಿದೆ. ನೆರೆದೇಶದವರಿಗಾಗಿ ಸರ್ಕಾರ ನಡೆಸುವ ಟೀವಿ ವಾಹಿನಿಯನ್ನು ನಾನು ಬಸವಕಲ್ಯಾಣದ ಒಂದು ಮನೆಯಲ್ಲಿ ತೋರಿಸಿದ್ದೇನಂತೆ. ದೇಶದೊಳಗೆ ಅದನ್ನು ತೋರಿಸುವುದು ನಿಯಮಬಾಹಿರವಂತೆ. ತೋರಿಸಿದ್ದು ನಿಜ. ತಮಗೆ ತಿಳಿದದ್ದಾದರೂ ಹೇಗೆ? ಆ ವಾಹಿನಿಯ ಮೇಲೆ ನಾನೇ ದೂರು ಬರೆದಿದ್ದೆ. ದೂರಿಗೆ ಉತ್ತರ ಬರಲಿಲ್ಲ, ಅದರೊಳಗಿದ್ದ ನನ್ನ ತಪ್ಪೊಪ್ಪಿಗೆಗೆ ಮಾತ್ರ ಹನ್ನೆರಡೇ ದಿನದಲ್ಲಿ ಬಂತು. ಸರ್ಕಾರಿ ಕೆಲಸ ನಿಧಾನ ಎನ್ನುವವರಿಗೆ ಇದನ್ನು ತೋರಿಸಬೇಕು.

ಆ ಮನೆ ಹಜಿರಾ ಬೀ ಅವರದು. ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಅವರ ಅಕ್ಕ ಮದುವೆಯಾಗಿ ಕರಾಚಿ ಸೇರಿ ಐವತ್ತೈದು ವರ್ಷವಾಯಿತು. ಈಗ ಅಲ್ಲಿಗೆ ಕಾಗದ ಹೋಗುವುದಿಲ್ಲ, ಇದ್ದ ಫೋನ್ ನಂಬರು ಸತ್ತಿದೆ. ಆ ಮನೆತನದಲ್ಲೊಂದು ಪದ್ಧತಿ: ಹೆಣ್ಣುಮಗುವಿನ ನಿಕಾಹ್ ತಾರೀಖು ಹಿಡಿಯುವ ಮೊದಲು ಹಿರಿಯಕ್ಕನನ್ನು ಕೇಳಬೇಕು. ಕೇಳಿದ ಮೇಲೆ ಆಕೆ ನಲವತ್ತು ದಿನ ಸುಮ್ಮನಿದ್ದರೆ ಅದೇ ಒಪ್ಪಿಗೆ. ಕೇಳದೆ ಮಾತ್ರ ನಡೆಯದು.

ಖಾಲಾನ ಮೊಮ್ಮಗಳು ಮಹಜಬೀನಳಿಗೆ ಮಂಠಾಳದ ಏಜಾಜ್ ವರನೆಂದು ಗೊತ್ತಾಗಿದ್ದಾನೆ. ಆ ಹೊತ್ತಿಗೇ ತಮ್ಮ ಕ್ಯಾಮರಾದವರು ಬಂದು, 'ನಿಮ್ಮ ಮಾತು ಗಡಿಯಾಚೆ ಮುಟ್ಟಿಸುತ್ತೇವೆ' ಎಂದರು. ಖಾಲಾ ಹೊಸ ದುಪಟ್ಟಾ ಹೊದ್ದು, 'ಆಪಾ, ಹುಡುಗಿ ಕೊಡ್ಲೇನು? ಬ್ಯಾಡ ಅನ್ನೂದಿದ್ರ ಹ್ಯಾಂಗರೆ ಮಾಡಿ ತಿಳಿಸು' ಎಂದು ಕ್ಯಾಮರಾದ ಮುಂದೆ ಅಕ್ಕನನ್ನು ಕೇಳಿದರು. ಕ್ಯಾಮರಾದವರು ತಲೆಯಾಡಿಸಿ, ಚಹಾ ಕುಡಿದು ಹೋದರು.

ಮಾತು ಹೋಯಿತೋ ಇಲ್ಲವೋ? ಕಾರ್ಯಕ್ರಮದ ಪ್ರತಿ ಕೇಳಿದರೆ 'ವಿದೇಶಿ ವೀಕ್ಷಕರಿಗೆ ಮಾತ್ರ' ಎಂಬ ಉತ್ತರ. ತಾನಾಡಿದ ಮಾತನ್ನು ತಾನೇ ಕೇಳಲು ಎಪ್ಪತ್ನಾಲ್ಕರ ಹೆಂಗಸು ಈಗ ಪಾಸ್‌ಪೋರ್ಟ್ ಮಾಡಿಸಬೇಕೇ? ನಾನು ಕಲಿತದ್ದು ಏಳನೇ ಇಯತ್ತೆ, ಉಳಿದದ್ದನ್ನು ಟೀವಿಗಳ ಬೆನ್ನು ಬಿಚ್ಚಿ ಕಲಿತವನು. ತಮ್ಮ ಉಪಗ್ರಹ ಚಿತ್ರವನ್ನು ಕರಾಚಿಯ ಮೇಲೆ ಸುರಿಯುವಾಗ ನಮ್ಮ ಮಾಳಿಗೆಯ ಮೇಲೂ ಸುರಿಯುತ್ತದೆ. ಡಿಶ್ಶನ್ನು ನಾಲ್ಕು ಬೆರಳು ತಿರುಗಿಸಿದೆ, ಅಷ್ಟೇ.

ಮೂರನೆಯ ಮಂಗಳವಾರ ಖಾಲಾ ಪರದೆಯ ಮೇಲೆ ಬಂದರು. ಅವರ ದನಿಯ ಮೇಲೆ ಬೇರೊಬ್ಬಾಕೆಯ ದನಿ: ಈ ಊರಿನ ಹಿರಿಯರಿಗೆ ಯಾವ ಚಿಂತೆಯೂ ಇಲ್ಲ, ಎಲ್ಲರೂ ನೆಮ್ಮದಿಯಿಂದಿದ್ದಾರೆ.

'ಪಂಡರಿ, ಬಾಯಿ ನಂದು ಆಡಾಕತ್ತದ, ಮಾತು ಯಾರದೋ?' ಎಂದರು ಖಾಲಾ.

'ಸರ್ಕಾರದ್ರೀ, ಖಾಲಾ.'

'ಹಂಗಾದ್ರ ಸರ್ಕಾರನ ಹುಡುಗಿ ಕೊಡ್ಲಿ. ನಾ ಇನ್ನಾ ಕೇಳೇ ಇಲ್ಲ.'

ಬೀಗರು ರಂಜಾನ್ ತನಕ ಕಾಯುತ್ತಾರೆ, ಆಮೇಲೆ ಬೇರೆ ಮನೆ ನೋಡುತ್ತಾರೆ. ಮಹಜಬೀನ್ ದಿನ ಎಣಿಸುತ್ತಿದ್ದಾಳೆ.

ಸರ್ಕಾರ ತನ್ನ ಪ್ರಜೆಗಳಿಗೇ ಪ್ರಚಾರದ ಮದ್ದು ಕುಡಿಸಬಾರದೆಂದೇ ಈ ನಿಯಮ ಎಂದು ತಮ್ಮ ಗುಮಾಸ್ತರು ಫೋನಿನಲ್ಲಿ ತಿಳಿಹೇಳಿದರು. ಘನವಾದ ಉದ್ದೇಶ. ಆದರೆ ಮನೆಮಂದಿ ತಿನ್ನಬಾರದ್ದನ್ನು ನೆರೆಮನೆಗೆ ಬಡಿಸುವುದು ಯಾವ ಸೀಮೆಯ ಮರ್ಯಾದೆ? ಈ ಕಾನೂನು ಕಾಯುತ್ತಿರುವುದು ನಮ್ಮನ್ನೋ, ಅಥವಾ ನಮ್ಮ ಮುಖ ಇಟ್ಟುಕೊಂಡು ಆಡಿದ ಸುಳ್ಳು ನಮ್ಮ ಕಿವಿಗೆ ಬೀಳದಂತೆ ತಮ್ಮನ್ನೋ? ಯಾರ ಬಗ್ಗೆ ಹೇಳುತ್ತೀರೋ ಅವರಿಗೆ ಕೇಳುವ ಹಕ್ಕು ಬೇಡವೇ?

ಆದ್ದರಿಂದ ಖಾಲಾ ಕೇಳಿದ್ದನ್ನು ಖಾಲಾನ ದನಿಯಲ್ಲೇ, ರಂಜಾನಿಗೆ ನಲವತ್ತು ದಿನ ಉಳಿದಿರುವಾಗಲೇ ಪ್ರಸಾರ ಮಾಡಿ. ಅವರಿಗೊಂದು ಪ್ರತಿ ಕೊಡಿ. ತೋರಿಸಿದವನನ್ನು ಹಿಡಿಯುವ ನಿಯಮವನ್ನು, ಮಾತು ತಿರುಚಿದವನನ್ನು ಹಿಡಿಯುವಂತೆ ತಿದ್ದಿ. ನೋಟಿಸಿಗೆ ಹೆದರಿ ನಾನು ಡಿಶ್ಶನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಪ್ರತಿ ಮಂಗಳವಾರ ಖಾಲಾ ಅದೇ ದುಪಟ್ಟಾ ಹೊದ್ದು ಟೀವಿಯ ಮುಂದೆ ಕೂಡುತ್ತಾರೆ. ಹಿಡಿಯಲು ಬರುವವರು ಆ ಹೊತ್ತಿಗೇ ಬಂದರೆ ಇಬ್ಬರೂ ಸಿಗುತ್ತೇವೆ. ಬರುವಾಗ ಖಾಲಾನ ದನಿಯಿರುವ ಆ ಟೇಪು ತನ್ನಿ.

ಇಂತಿ,
ಪರದೇಶದಲ್ಲಿ ಹುಟ್ಟದ ತಪ್ಪಿಗೆ ನೋಟಿಸು ಪಡೆದ
ಪಂಡರಿ
ಡಿಶ್ ರಿಪೇರಿ ಅಂಗಡಿ, ಮಾಣಿಕನಗರ, ಹುಮನಾಬಾದ